ಎಡಮೂಲೆಯ ಅಕ್ಷರ

ಡರ್ಬನ್ ಬಂದರು, ಕಚೇರಿಯ ಮೂರನೇ ಮಹಡಿ.
ಗಾಜಿನಾಚೆ ಕ್ರೇನುಗಳು ಕತ್ತು ಚಾಚಿ ನಿಂತಿವೆ.
ಹುದ್ದೆ ಒಂದು, ಉಳಿದವರು ಇಬ್ಬರು.
ಮೇಜಿನ ಮೇಲೆ ಆರಿದ ಚಹಾ,
ಹೊಸ ಕಾಯಿದೆಯ ಪ್ರತಿ, ಮಡಿಕೆ ಬಿಚ್ಚದ್ದು.

ನಾನು ಶ್ರೀಮತಿ ಪಡಯಾಚಿ, ಸಿಬ್ಬಂದಿ ವಿಭಾಗ.
ಕಬ್ಬಿನ ಗದ್ದೆಗೆಂದು ಹಡಗು ಹತ್ತಿ ಬಂದವರ ಮರಿಮಗಳು.
ಬಿಳಿಯಳಲ್ಲ, ಅವರ ಲೆಕ್ಕದಲ್ಲಿ ಪೂರಾ ಕರಿಯಳೂ ಅಲ್ಲ,
ನಡುಮೆಟ್ಟಿಲ ಹೆಣ್ಣು.
ನಡುಮೆಟ್ಟಿಲಿಗೆ ಒಂದು ಅನುಕೂಲ ಉಂಟು:
ಮೇಲಿನವರ ಪಾದ ಕಾಣುತ್ತದೆ, ಕೆಳಗಿನವರ ನೆತ್ತಿ ಕಾಣುತ್ತದೆ,
ಮುಖ ಮಾತ್ರ ಯಾರದ್ದೂ ಕಾಣಬೇಕಾಗಿಲ್ಲ.

ಮೊದಲು ಬಂದವನು ರಿಯಾನ್ ಸ್ಟ್ರೈಡಮ್, ಇಪ್ಪತ್ತಾರು.
ಪ್ಲಾಸ್ಟಿಕ್ ಹಾಳೆಯೊಳಗೆ ಆರು ಪ್ರಮಾಣಪತ್ರ.
ಒಳ್ಳೆಯ ಹುಡುಗ. ಕೈ ನಡುಗಲಿಲ್ಲ.
"ಗಾಳಿಗೆ ಪೆಟ್ಟಿಗೆ ತೂಗಾಡಿದರೆ ಹೇಗೆ ನಿಲ್ಲಿಸುತ್ತೀ?"
ಕೇಳಿದ್ದು ಫಾನ್ ರೆನ್ಸ್‌ಬರ್ಗ್.
"ನಿಲ್ಲಿಸಬಾರದು ಸರ್. ಅದರ ಜೊತೆಗೇ ಸ್ವಲ್ಪ ದೂರ ಹೋಗಬೇಕು,
ತೊಟ್ಟಿಲಿಗೆ ಕೈಯಿಟ್ಟು ಹೋದ ಹಾಗೆ.
ಆಮೇಲೆ ತಾನೇ ನಿಲ್ಲುತ್ತೆ."
"ಭೇಷ್! ಯಾರು ಕಲಿಸಿದ್ದು?"
ಹುಡುಗ ಬಾಗಿಲ ಕಡೆ ತಿರುಗಿದ.
"ಹೊರಗೆ ಕೂತಿದ್ದಾರಲ್ಲ, ಅವರೇ."

ಹೊರಗೆ ಕೂತವರು ಒಳಗೆ ಬಂದರು.
ಫಕಮಾನಿ ಮಖಾತಿನಿ, ಐವತ್ತೊಂದು.
ಅವರ ಮಾತಿನಲ್ಲಿ ಆ ಹೆಸರಿಗೆ, ಏಳಿ, ಮೇಲೇಳಿ ಎಂದರ್ಥ.
ಹುದ್ದೆ: ಸಹಾಯಕ. ಹತ್ತೊಂಬತ್ತು ವರ್ಷದಿಂದ ಸಹಾಯಕ.
ಸಹಾಯಕನೆಂದರೆ
ಸಂಬಳದ ಆಪರೇಟರು ಕೆಳಗೆ ಸಿಗರೇಟು ಸೇದುವಾಗ
ಮೇಲೆ ಕೂತು ಹಡಗು ಖಾಲಿ ಮಾಡುವವನು.
ಪ್ರಮಾಣಪತ್ರ: ಒಂದೇ ಒಂದು, ಹೋದ ತಿಂಗಳದ್ದು.

ಅವರು ಎದ್ದು ಹೋದಮೇಲೆ ಫಾನ್ ರೆನ್ಸ್‌ಬರ್ಗ್ ಕನ್ನಡಕ ತೆಗೆದರು.
"ಕಾಯಿದೆ ಸರಿ. ಆದರೆ ಅರ್ಹತೆ ಅಂತ ಒಂದಿದೆಯಲ್ಲ?"
ಇನ್ನೂ ಏನೇನೋ ಅಂದರು, ಮೆತ್ತಗೆ, ಸಭ್ಯವಾಗಿ.
ತಿರುಳು ಇಷ್ಟೇ:
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಎಷ್ಟು ಕಾಲ ನಕ್ಕಿದ್ದೇವೆ ಆ ಹೆಂಗಸನ್ನು!
ಮಟ್ಟಗೋಲು ತಂದು
ನೆಲಕ್ಕೆ ಇಟ್ಟು ನೋಡಿದವರು ಯಾರು?

ಉತ್ತರ ಹುಡುಕುವವಳ ಹಾಗೆ ಕಡತ ತೆರೆದೆ.
ಎಂಬತ್ತೊಂದರ ಅರ್ಜಿ. ಎಂಬತ್ತನಾಲ್ಕರದ್ದು. ಎಂಬತ್ತೆಂಟರದ್ದು.
ಮೂರಕ್ಕೂ ಒಂದೇ ಸಾಲಿನ ಜವಾಬು:
ಅಗತ್ಯ ಅರ್ಹತೆ ಇಲ್ಲ.
ಸಹಿ ಬೇರೆ ಬೇರೆಯವರದ್ದು. ಒಬ್ಬರು ತೀರಿಕೊಂಡಿದ್ದಾರೆ.
ಕೆಳಗೆ, ಎಡಮೂಲೆಯಲ್ಲಿ,
ಬೆರಳಚ್ಚು ಮಾಡಿದವರ ಗುರುತು, ಇರುವೆಯಷ್ಟು ಸಣ್ಣದು:
ಎಂ. ಪಿ.
ಮೂರರಲ್ಲೂ ಎಂ. ಪಿ.

ಅದು ನಾನು.
ನಿಮಿಷಕ್ಕೆ ಎಪ್ಪತ್ತು ಪದ. ಆ ಸಾಲಿಗೆ ಮೂರು ಸೆಕೆಂಡೂ ಹಿಡಿದಿರಲಾರದು.
ಒಂದೂ ತಪ್ಪಿಲ್ಲ, ಎಲ್ಲೂ ಅಳಿಸಿಲ್ಲ.
ಆಗ ನನಗಿದ್ದ ಅರ್ಹತೆ ಅದೇ.

ಹೋಗುವಾಗ ಏನಾದರೂ ಹೇಳುವುದಿದೆಯೇ ಎಂದು ಕೇಳಿದ್ದೆವು.
ಬಾಗಿಲ ಹಿಡಿಯ ಮೇಲೆ ಕೈ ಇತ್ತು.
"ನಾಲ್ಕನೇ ಕ್ರೇನಿನ ಎಡ ಸನ್ನೆ ಬೆಳಗಿನ ಹೊತ್ತು ಬಿಗಿಯುತ್ತೆ.
ಯಾರೇ ಕೂತರೂ ಮೊದಲೇ ಹೇಳಿಬಿಡಿ."
ಅಷ್ಟೇ. ನನ್ನ ಕಡೆ ನೋಡಲಿಲ್ಲ. ನೋಡಿದ್ದರೂ
ಆ ಎರಡಕ್ಷರ ಯಾರದ್ದೆಂದು ಅವರಿಗೆ ಹೇಗೆ ಗೊತ್ತಿರಬೇಕು?

ಎರಡಕ್ಕೆ ಒಂದು ಮತ. ಹುದ್ದೆ ಮಖಾತಿನಿಗೆ.
ಮಧ್ಯಾಹ್ನದೊಳಗೆ ಕ್ಯಾಂಟೀನು ಅದಕ್ಕೆ ಹೆಸರಿಟ್ಟಿತು: ಕೋಟಾ ಕ್ರೇನು.
ರಿಯಾನ್ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದ.
ಸಿಟ್ಟು ಯಾರ ಮೇಲೋ ತಿಳಿಯಲಿಲ್ಲ. ಅವನಿಗೂ ತಿಳಿದಿತ್ತೋ ಇಲ್ಲವೋ.

ಆದೇಶವನ್ನು ಹುಡುಗಿಗೆ ಕೊಡದೆ ನಾನೇ ಬಡಿದೆ.
ಬೆರಳು ಮೊದಲಿನಂತಿಲ್ಲ. ಮಖಾತಿನಿ ಎಂಬಲ್ಲಿ ಎರಡು ಸಲ ತಪ್ಪಿದೆ.
ಎಡಮೂಲೆಗೆ ಬಂದಾಗ ಸುಮ್ಮನೆ ಕೂತೆ.
ಬಹಳ ಹೊತ್ತು.
ಗಾಜಿನಾಚೆ ಪೆಟ್ಟಿಗೆಯೊಂದು ತೂಗಾಡುತ್ತಿತ್ತು,
ಯಾರೋ ಅದರ ಜೊತೆಗೇ ಸ್ವಲ್ಪ ದೂರ ಹೋಗುತ್ತಿದ್ದರು.

ಹಳೆಯ ಹಾಳೆಗಳನ್ನು ಹರಿಯಲಿಲ್ಲ.
ಕಡತದಲ್ಲೇ ಇವೆ, ಹೊಸದರ ಅಡಿಯಲ್ಲಿ, ಮೂರೂ.